ಹೆಂಗಸರಿಗೆ ಪುಕ್ಕಟೆ

ಜನವರಿ ೧೧, ರವಿವಾರ. ಸಂಜೆ

ಬಾದಾಮಿಯಿಂದ ಈಗ ಜಮಖಂಡಿ ಮುಟ್ಟಿದೆವು. ಬುತ್ತಿ ಡಬ್ಬಿ ತೊಳೆದಿಟ್ಟೆ. ಮತ್ತೆ ಅದೇ ಕಥೆ — ಯಜಮಾನರು ತಮಗೊಂದು ಟಿಕೆಟ್ ತೆಗೆಸಿದರು. ಮಗಳು ಕಾವ್ಯಾಗೆ ಇನ್ನೂ ಹದಿನಾಲ್ಕು, ಟಿಕೆಟ್ ಇಲ್ಲ. ಒಂದರಲ್ಲಿ ಇಬ್ಬರು ಒಳಗೆ. ನಾನು ಗೇಟಿನ ಹೊರಗೆ, ಚೀಲದ ಜೊತೆ. ಮಂಗಗಳು ಚೀಲವನ್ನು ನೋಡುತ್ತಿದ್ದವು, ನಾನು ಮಂಗಗಳನ್ನು. ಬಾದಾಮಿಯಲ್ಲಿ ನಾನು ನೋಡಿದ್ದು ಅಷ್ಟೇ.

ಒಳಗಿಂದ ವಿಡಿಯೋ ಕಾಲ್.

“ಇಲ್ಲೆ ನೋಡು, ಹದಿನೆಂಟು ಕೈ ನಟರಾಜ. ಕಂಡ್ತಿಲ್ಲೋ? ಒಂದು ಟಿಕೆಟ್ ಉಳೀತು!”

ಕಂಡದ್ದು ಅವರ ಹೆಬ್ಬೆರಳು.

ಬಸ್ಸಿನಲ್ಲಿ ಕೇಳಿಯೇಬಿಟ್ಟೆ. “ಮುಂದಿನ ಸಲ ನಾನೂ ಒಳಗ ಬರ್ತೀನ್ರಿ.”

“ಒಳಗ ಏನೈತಿ? ಬರೇ ಕಲ್ಲು. ಫೋನಿನ್ಯಾಗ ಇನ್ನಾ ಛಲೋ ಕಾಣ್ತೈತಿ.”

ಆಫೀಸಿನಲ್ಲಿ ಇವರಿಗೆ ಟೂರ್ ಎಕ್ಸ್‌ಪರ್ಟ್ ಅಂತ ಹೆಸರು. ಸಂಬಳಕ್ಕೇನೂ ಕಡಿಮೆಯಿಲ್ಲ, ಉಳಿಸುವುದೇ ಒಂದು ಚಟ. ಯಾವ ಮ್ಯೂಸಿಯಂಗೆ ಯಾವ ವಾರ ರಜೆ, ಆನ್‌ಲೈನ್ ಟಿಕೆಟ್ ಎಷ್ಟು ಸೋವಿ — ಎಲ್ಲ ಬಾಯಿಪಾಠ. ನನಗೆ ಬಸ್ ಪುಕ್ಕಟೆ, ಅದಕ್ಕೇ ಕರೆದೊಯ್ಯುತ್ತಾರೆ. ಚೀಲ ಇಡುವ ಕೋಣೆಗೆ ದುಡ್ಡು ಕೊಡಬೇಕು. ನನಗೆ ಕೊಡಬೇಕಿಲ್ಲ.

ಫೆಬ್ರವರಿ ೧೯. ಮಧ್ಯಾಹ್ನ ೩

ಆಫೀಸಿನಿಂದಲೇ ಫೋನ್ ಮಾಡಿದರು. ಮಾರ್ಚ್ ಎಂಟು ಮಹಿಳಾ ದಿನ. ಗೋಲಗುಮ್ಮಟಕ್ಕೆ ಹೆಂಗಸರಿಗೆ ಟಿಕೆಟ್ ಇಲ್ಲ!

“ನೀನೂ ಕಾವ್ಯಾನೂ ಒಳಗ ಹೋಗಿ ಬರ್ರಿ. ನಾ ಹೊರಗ ಚೀಲ ಕಾಯ್ತೀನಿ. ನಾ ಯಾಕ ಸುಮ್ನ ಟಿಕೆಟ್ ತಗೀಲಿ?”

ಎರಡು ಸಲ ಕೇಳಿದೆ, ಖರೆ ಏನ್ರಿ ಅಂತ.

ಬಿಜಾಪುರಕ್ಕೆ ಮೂರು ಸಲ ಹೋಗಿದ್ದೇನೆ. ಗುಮ್ಮಟದ ಒಳಗೆ ಒಮ್ಮೆಯೂ ಇಲ್ಲ. ಮುಧೋಳದಲ್ಲಿ ಎಂಟನೇ ತರಗತಿಯಲ್ಲಿದ್ದಾಗ ಸಾಲೆಯಿಂದ ಟ್ರಿಪ್ ಹೊರಟಿತ್ತು. ಅಪ್ಪ ಕಳಿಸಲಿಲ್ಲ. ಗೆಳತಿ ಸರಿತಾ ಹೋಗಿ ಬಂದು ಹೇಳಿದ್ದಳು: “ಮ್ಯಾಲ ನಿಂತು ನನ್ನ ಹೆಸರ ಕೂಗಿದ್ನಿ ನೋಡು, ಗುಮ್ಮಟ ಏಳು ಸಲ ಕರೀತು!” ಅವತ್ತಿನಿಂದ ಆಸೆ. ಮದುವೆಯಾದ ಮೇಲೆ ಇನ್ನೂ ಹೆಚ್ಚಾಯಿತು. ಈ ಮನೆಯಲ್ಲಿ ನನ್ನ ಹೆಸರನ್ನು ಯಾರೂ ಹೇಳುವುದಿಲ್ಲ. ಇವರು ನನ್ನನ್ನು ಕರೆಯುವುದೂ “ಕಾವ್ಯಾ” ಅಂತಲೇ. ಹೆಂಡತಿ ಹೆಸರು ಹಿಡಿದು ಕರೆಯಲು ನಾಚಿಕೆ. ಒಂದು ಸಲ ಕರೆದರೆ ತಾಯಿ ಮಗಳಿಬ್ಬರೂ ಓಡುತ್ತೇವೆ. ಮದುವೆ ದಿನ ಹೆಂಡತಿ ಹೆಸರು ಸೇರಿಸಿ ಒಡಪು ಹೇಳುವಾಗ ಎಲ್ಲರ ಬಲವಂತಕ್ಕೆ ಒಮ್ಮೆ ಅಂದರು — ಸಂಧ್ಯಾ. ಅಲ್ಲಿಗೆ ಮುಗಿಯಿತು.

ಒಮ್ಮೆ ಕೇಳಬೇಕು. ಏಳು ಸಲ. ಅಷ್ಟೇ ನನಗೆ ಬೇಕಾದದ್ದು.

ಮಾರ್ಚ್ ೩

ಅತ್ತೆ ತಾಯವ್ವ ಬೀಳಗಿಯಿಂದ ಬಂದಿದ್ದಾರೆ. ಅವರನ್ನು ನೋಡಿಕೊಳ್ಳಲು ನಾನೇ ಉಳಿಯಬೇಕೇನೋ ಅಂದುಕೊಂಡೆ. “ನೀವು ಹೋಗ್ರಿ. ನಾ ರೊಟ್ಟಿ ತಿಂದು ಬಿದ್ದಿರ್ತೀನಿ” ಅಂದರು. ಬದುಕಿದೆ.

ಬಚ್ಚಲಲ್ಲಿ ನಲ್ಲಿ ಬಿಟ್ಟು ನನ್ನ ಹೆಸರು ಕೂಗಿ ನೋಡಿದೆ. ದನಿಯೇ ಏಳಲಿಲ್ಲ. ನಾಚಿಕೆಯಾಯಿತು. ನಗುವೂ ಬಂತು.

ಮಾರ್ಚ್ ೮, ರವಿವಾರ. ಸಂಜೆ ೭

ಪುಕ್ಕಟೆ ಅಂದರೆ ಕೇಳಬೇಕೆ… ಊರೂರಿನ ಹೆಂಗಸರೆಲ್ಲ ಅಲ್ಲೇ. ಇವರು ಚೀಲ ಹಿಡಿದು ಬೇವಿನ ಗಿಡದ ಕೆಳಗೆ ಕೂತರು. ಒಳಗೆ ಕಾಲಿಟ್ಟಾಗ ಕೈ ಬೀಸಿಕೊಂಡು ನಡೆದೆ. ಎಷ್ಟು ಹಗುರ! ಮೆಟ್ಟಿಲು ಹತ್ತಿ ಹತ್ತಿ ತೊಡೆ ನೋವು. ಕಾವ್ಯಾ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ.

ಮೇಲೆ ಗದ್ದಲವೋ ಗದ್ದಲ. ಸಿಳ್ಳೆ, ಚಪ್ಪಾಳೆ, ಚೀರಾಟ. ಕಾವಲಿನವನು ಬೈದ. “ಸುಮ್ಮನಿರ್ರಿ! ಒಬ್ಬೊಬ್ಬರ ಕೂಗ್ರಿ, ಲಗೂ ಲಗೂ.” ಸಾಲು ಸರಿಯಿತು. ನನ್ನ ಮುಂದಿನವಳು ಕೂಗಿ ಹೋದಳು. ಅವಳ ದನಿ ಸುತ್ತಿ ಸುತ್ತಿ ಅಡಗಿತು.

ಇನ್ನು ನಾನು. ಕಟಾಂಜನದ ಕಂಬಿ ಹಿಡಿದೆ. ಎಲ್ಲರೂ ಸುಮ್ಮನಿದ್ದರು. ಉಸಿರು ಎಳೆದುಕೊಂಡೆ.

ಕೈಯಲ್ಲಿ ಫೋನ್ ಹೊಡೆದುಕೊಂಡಿತು. ಎತ್ತಿದೆ. ಯಾಕೆ ಎತ್ತಿದೆನೋ.

“ಕಾವ್ಯಾ! ಎಷ್ಟೊತ್ತು? ಬಸ್ ಹೊಂಟೈತಿ, ಇಳೀರಿ ಲಗೂ!”

“ಬಂದೇರೀ!”

ನನ್ನ ಬಾಯಿಂದ ತಾನಾಗಿಯೇ ಬಂತು. ಅಡುಗೆಮನೆಯಿಂದ ಕೂಗುವಂತೆ, ಗಟ್ಟಿಯಾಗಿ. ಬಂದೇರೀ… ಬಂದೇರೀ… ಬಂದೇರೀ… ಆ ಕಡೆ ಗೋಡೆಯಿಂದ, ತಲೆಯ ಮೇಲಿಂದ, ಬೆನ್ನ ಹಿಂದಿನಿಂದ. ಇಷ್ಟು ವರ್ಷ ನನ್ನ ದನಿ ಹೀಗೇ ಕೇಳಿಸುತ್ತಿತ್ತೇ? ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

“ಅವ್ವಾ, ಇಡೀ ಗುಮ್ಮಟಕ್ಕ ಬಂದೆ ಅಂದಿ!” ಕಾವ್ಯಾ ಹೊಟ್ಟೆ ಹಿಡಿದುಕೊಂಡಳು.

“ಇನ್ನೊಮ್ಮೆ ಕೂಗ್ತೀನಣ್ಣಾ, ಒಂದೇ ಒಂದು ಸಲ…”

“ಆತಲ್ರೀ ನಿಮ್ಮದು. ಮುಂದ ನಡೀರಿ. ಹಿಂದ ಎಷ್ಟು ಮಂದಿ ಅದಾರ ನೋಡ್ರಿ.”

ಇಳಿದೆ. ಗಿಡದ ಕೆಳಗೆ ಇವರು ಶೇಂಗಾ ತಿನ್ನುತ್ತಿದ್ದರು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

ಮಾರ್ಚ್ ೯

ಇವರು ಆಫೀಸಿನಲ್ಲಿ ಎಲ್ಲರಿಗೂ “ಬಂದೇರೀ” ಕಥೆ ಹೇಳಿ ನಗಿಸಿದರಂತೆ. ಬರೆಯಲು ಮನಸ್ಸಿಲ್ಲ.

ಮಾರ್ಚ್ ೧೫, ರವಿವಾರ. ಬೆಳಿಗ್ಗೆ ೧೦

ಆರು ದಿನದಿಂದ ಪೆನ್ನು ಮುಟ್ಟಿಲ್ಲ. ಸಿಟ್ಟು ಇಳಿದಿಲ್ಲ. ಇವರ ಮೇಲೆ ಅಷ್ಟಿಲ್ಲ, ನನ್ನ ನಾಲಿಗೆಯ ಮೇಲೇ. ಯೋಚನೆ ಮಾಡುವುದರೊಳಗೆ ಉತ್ತರ ಕೊಟ್ಟಿರುತ್ತದೆ.

ಚಹಾ ಕುಡಿಯುತ್ತ ಹೊಸ ಪ್ಲಾನ್ ಹೇಳಿದರು. ಏಪ್ರಿಲ್ ಹದಿನೆಂಟಕ್ಕೆ ಹಳೆ ಸ್ಮಾರಕಗಳ ದಿನವಂತೆ, ಗಂಡಸರಿಗೂ ಪುಕ್ಕಟೆ. ಮತ್ತೆ ಗುಮ್ಮಟ.

“ಈ ಸಲ ನಾನೂ ಮ್ಯಾಲ ಹತ್ತತೀನಿ.”

“ಚೀಲ?”

“ನಿಂದು ನೋಡಿದ್ದಾತಲ್ಲ.”

ಕಪ್ ಎತ್ತಿಕೊಂಡು ಬಂದೆ. ಬಂದು ಇಲ್ಲಿ ಕೂತಿದ್ದೇನೆ. ಕಾವ್ಯಾ ಟ್ಯೂಷನ್‌ಗೆ ಹೋಗಿದ್ದಾಳೆ.

ಹೊರಗಿನಿಂದ ಕರೆಯುತ್ತಿದ್ದಾರೆ. “ಕಾವ್ಯಾ!”

“ಬಂದೇರೀ” ಬಾಯಿಗೆ ಬಂತು. ಹಲ್ಲು ಕಚ್ಚಿ ಹಿಡಿದೆ.

“ಏ ಕಾವ್ಯಾ!”

ಅವಳು ಮನೆಯಲ್ಲಿಲ್ಲ.

ಮೂರನೇ ಸಲ. ದನಿ ಏರಿದೆ. ಕುರ್ಚಿ ಸರಿದ ಸದ್ದು. ಅವಸರಕ್ಕೆ ಅಕ್ಷರ ಕೆಟ್ಟಿದೆ. ಹೆಸರು ಹಿಡಿದು ಕರೆಯುವ ತನಕ ನಾನು ಓಗೊಡುವುದಿ—