ಲೇಬಲ್ ಮೇಲೆ ಇಲ್ಲದ್ದು

ಮಾರ್ಚ್ 3, ಬೆಳಿಗ್ಗೆ
ಇವತ್ತೂ ಟೇಪು ಹಿಡಿಯುವ ಕೆಲಸ ನನ್ನದೇ. ಊರಿಗೆಲ್ಲ ಅಳತೆ ತೆಗೆಯುವ ದರ್ಜಿಗೆ ತನ್ನ ತೋಳು ಅಳೆಯಲು ಹೆಂಡತಿ ಬೇಕು. ಹದಿನಾಲ್ಕೂಕಾಲು ಇಂಚು. "ಸರಿಯಾಗಿ ನೋಡೇ, ಹದಿನಾಲ್ಕೂವರೆ ಇರ್ಬೇಕು!" 23ಕ್ಕೆ ಐವತ್ತು ದಾಟಿದವರ ದೇಹದಾರ್ಢ್ಯ ಸ್ಪರ್ಧೆ. ಎಂಟು ತಿಂಗಳ ಬೆವರು. ಹಾಲಿಗೆ ಎರಡು ಚಮಚ ಪ್ರೋಟೀನ್ ಪೌಡರ್ ಕದಡಿ, ಗಟಗಟ ಕುಡಿದು ಹೊರಟರು.

ಮಾರ್ಚ್ 7
ನಮ್ಮ ಆಹಾರ ಸುರಕ್ಷತೆ ಆಫೀಸಿನಲ್ಲಿ ಹೊಸ ನಿಯಮದ ಗಡಿಬಿಡಿ. ಪೌಡರ್ ಡಬ್ಬದೊಳಗೆ ಏನೇನಿದೆಯೋ ಅಷ್ಟೂ ಲೇಬಲ್ ಮೇಲಿರಬೇಕು. ಇನ್‌ಸ್ಪೆಕ್ಟರುಗಳೆಲ್ಲ ಸ್ಯಾಂಪಲ್ ತರಲು ಹೊರಟೆವು. ಇವರ ಜಿಮ್ಮಿಗೆ ನಾನು ಹೋಗಲಿಲ್ಲ. ಸಹೋದ್ಯೋಗಿ ಹೋದಳು.

ಮಾರ್ಚ್ 18
ಲ್ಯಾಬ್ ರಿಪೋರ್ಟ್ ಬಂತು. ಜಿಮ್ಮಿನ ಡಬ್ಬದಲ್ಲಿ ಸ್ಟೆರಾಯ್ಡ್. ಲೇಬಲ್ ಮೇಲೆ ಚಕಾರವಿಲ್ಲ. ಫೋಟೋ ನೋಡಿದೆ — ನಮ್ಮ ಅಡುಗೆಮನೆಯಲ್ಲಿರುವುದೂ ಅದೇ!
ಸಂಜೆ ಇವರಿಗೆ ಹೇಳಿದರೆ ನಕ್ಕರು. "ನಿಮ್ಮ ಆಫೀಸಿಗೆ ಎಲ್ಲದ್ರಲ್ಲೂ ಹುಳುಕೇ ಕಾಣೋದು." ಎಳೆದುಕೊಂಡು ಹೋಗಿ ಬಿ.ಪಿ. ನೋಡಿಸಿದೆ. ನೂರ ಎಪ್ಪತ್ತು. ನಗು ಇಳಿಯಿತು. ಡಬ್ಬ ಎತ್ತಿಟ್ಟರು. ತೋಳು ಮಡಚಿ ನೋಡಿಕೊಂಡು, "ಹಂಗಾದ್ರೆ ಈ ತೋಳು ನಂದಲ್ವಾ?"
"ಮುಕ್ಕಾಲು ಪಾಲು ನಿಮ್ದೇ ರೀ," ಅಂದೆ.

ಮಾರ್ಚ್ 20
ಜಿಮ್ ಮಾಸ್ತರು ಜಾರಿಕೊಂಡರು. "ನಾನು ಮಾರಿಲ್ಲ, ಯಾರೋ ಬಿಟ್ಟು ಹೋಗಿದ್ದು." ಕೊಂಡವರು ಹೇಳಿಕೆ ಕೊಟ್ಟರೆ ಮಾತ್ರ ಕೇಸು ಗಟ್ಟಿಯಾಗುತ್ತದೆ. ಆದರೆ ಕೊಟ್ಟವರು ಸ್ಟೆರಾಯ್ಡ್ ಕುಡಿದೆ ಎಂದು ಒಪ್ಪಿಕೊಂಡ ಹಾಗೆ — ಸ್ಪರ್ಧೆಯಿಂದ ಔಟ್. ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಇಷ್ಟನ್ನೂ ಹೇಳಿದೆ. ನೀವು ಕೊಡಿ ಅನ್ನಲು ಮಾತ್ರ ಬಾಯಿ ಬರಲಿಲ್ಲ.

ಮಾರ್ಚ್ 22, ಮಧ್ಯಾಹ್ನ
ಇಸ್ತ್ರಿ ಅಂಗಿ ತೊಟ್ಟು ಇವರು ಆಫೀಸಿಗೆ ಬಂದರು! ನನ್ನ ಟೇಬಲ್ ದಾಟಿ, ಗುರುತೇ ಇಲ್ಲದವರ ಹಾಗೆ ಸಹೋದ್ಯೋಗಿಯ ಎದುರು ಕೂತರು.
"ಮೇಡಂ, ಆ ಡಬ್ಬ ನಾನು ಕೊಂಡಿದ್ದೀನಿ, ಕುಡಿದಿದ್ದೀನಿ. ಬರ್ಕೊಳ್ಳಿ."
"ನಾಳೆ ಸ್ಪರ್ಧೆ ಅಲ್ವಾ ಸಾರ್?"
"ಹೌದು. ಆದ್ರೆ ನನ್ನ ನೋಡಿ ಇನ್ನೂ ಮೂರು ಜನ ಅದನ್ನೇ ಕುಡೀತಿದಾರೆ. ಹೊಗಳಿ ಕೊಡಿಸಿದ್ದು ನಾನೇ."
ಸಹಿ ಹಾಕಿದರು. ನಾನು ಫೈಲ್ ಓದುವವಳಂತೆ ಕೂತಿದ್ದೆ. ಒಂದಕ್ಷರವೂ ಕಾಣಲಿಲ್ಲ.

ಮಾರ್ಚ್ 23
ಸ್ಪರ್ಧೆಗೆ ಹೋದೆವು, ನೋಡಲು. ಗೆದ್ದವರಿಗೆ ಎಲ್ಲರಿಗಿಂತ ಜೋರು ಚಪ್ಪಾಳೆ ಇವರದೇ. ಮನೆಗೆ ಬಂದವರೇ ಅಂಗಿ ಬಿಚ್ಚಿ, ಕಲಿತ ಭಂಗಿಗಳನ್ನೆಲ್ಲ ನನ್ನೆದುರು ಹಾಕಿ ತೋರಿಸಿದರು. ಇವರಿಗಿಲ್ಲದ ನಾಚಿಕೆ ನನಗೆ.
"ಎಷ್ಟನೇ ಪ್ರೈಜು?"
"ಫಸ್ಟು."
"ಮೋಸ ಕಣೇ. ಇರೋನು ಒಬ್ಬನೇ!"
ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಬರೀ ನಗುವಲ್ಲ. ಗೊತ್ತು.

ಮಾರ್ಚ್ 24, ಬೆಳಿಗ್ಗೆ 7
ಬಾಗಿಲಲ್ಲಿ ಜಿಮ್ಮಿನವರು ಮೂವರು. ಕಂಕುಳಲ್ಲಿ ಒಂದೊಂದು ಡಬ್ಬ. "ನಾವೂ ಬರ್ಕೊಡ್ತೀವಿ ಅಣ್ಣಾ. ಹೆಂಗೆ ಬರೀಬೇಕು?"
ಅದೆಲ್ಲ ಆಫೀಸಿನಲ್ಲಿ ಅಂತ ನಾನು ಒಳಗಿಂದಲೇ ಕೂಗಿದೆ. ಯಾರು ಕೇಳುತ್ತಾರೆ? ಇವರು ಆಗಲೇ ಕುರ್ಚಿ ಎಳೆದು ಕೂರಿಸಿಯಾಗಿದೆ. "ಲೇ, ಪೆನ್ನೆಲ್ಲೇ?" ಅನ್ನುತ್ತಿದ್ದಾರೆ. ಮನೆಯಲ್ಲಿ ಬರೆಯುವ ಪೆನ್ನು ಇರುವುದೇ ಒಂದು, ಅದೀಗ ನನ್ನ—