ನೂರಾ ಹನ್ನೆರಡನೆಯ ಹಾಳೆ

ಫೆಬ್ರವರಿ 9, ಬೆಳಿಗ್ಗೆ 11

ಅಂಟು ತೀರ ನೀರಾಯಿತು. ಮತ್ತೆ ಕಾಯಿಸಿದೆ. ಹುಳು ತಿಂದ ನಕ್ಷೆಯ ದುರಸ್ತಿ ಮೇಜಿನ ಮೇಲೆ ಅರ್ಧಕ್ಕೇ ನಿಂತಿದೆ. ಸಿನಿಮಾದವನು ಪುನಃ ವಕ್ಕರಿಸಿದ್ದ. ಪುರಾತನ ಪುಸ್ತಕ, ಸಂಕೇತ, ಸಾಲು ಕೊಲೆ... ಥ್ರಿಲ್ಲರ್ ಅಂತೆ. ನಮ್ಮ ಗ್ರಂಥಾಲಯದಲ್ಲಿರುವ, ಹಿಂದಿನ ಕಾಲದ ವೈದ್ಯನೊಬ್ಬನ ಹಸ್ತಪ್ರತಿ ತೋರಿಸಿದೆ. ನಾನೂರು ವರ್ಷದ್ದು. ಜ್ವರ, ಕೆಮ್ಮು, ಮೂಳೆಮುರಿತ. ಕೊನೆಯ ಹಾಳೆ ಇಲ್ಲ.

"ಮೇಡಂ, ನೂರಾ ಹನ್ನೆರಡು ಎಲ್ಲಿ ಹೋಯ್ತು?"

"ಯಾರಿಗೂ ಗೊತ್ತಿಲ್ಲ" ಅಂದೆ.

ಕಣ್ಣರಳಿಸಿ ಬರೆದುಕೊಂಡ.

ನನಗೆ ಗೊತ್ತು. ಮೂವತ್ತೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳು. ಕಲೆ ತೆಗೆಯಲು ಅದನ್ನು ನೀರಿನ ತಟ್ಟೆಗೆ ಇಳಿಸಿದವಳು ನಾನೇ. ಮೊದಲು ಮೂಲೆಗೆ ಒಂದು ತೊಟ್ಟು ಹಾಕಿ, ಶಾಯಿ ಬಿಡುತ್ತದೆಯೇ ನೋಡಬೇಕು. ನೋಡಲಿಲ್ಲ. ಐದೇ ನಿಮಿಷ... ಅಕ್ಷರವೆಲ್ಲ ಕಂದು ನೀರಾಗಿ ತೇಲಿತು. ಹಾಳೆಯನ್ನು ಚೂರು ಚೂರು ಮಾಡಿ ಕಸಕ್ಕೆ ಹಾಕಿದೆ. ಮುಂದಿನ ತಪಾಸಣೆಯಲ್ಲಿ "ಕಾಣೆ" ಎಂದು ಬರೆದರು. ನನ್ನನ್ನು ಯಾರೂ ಕೇಳಲಿಲ್ಲ.

ಫೆಬ್ರವರಿ 10

ಫೋನ್ ಮಾಡಿದ್ದ. "ಕಥೆ ಸಿಕ್ತು ಮೇಡಂ! ಆ ಹಾಳೆಯೇ ನಮ್ಮ ಹೀರೋ." ಒಳ್ಳೆಯದಾಗಲಿ ಅಂದೆ. ಇನ್ನೇನು ಹೇಳಲಿ.

ನವೆಂಬರ್ 21

ಅಕ್ಕನ ಜೊತೆ ಸಿನಿಮಾ ನೋಡಿ ಬಂದೆ. ಒಂಬತ್ತು ಹೆಣ. ಅಕ್ಕ ಅರ್ಧ ಹೊತ್ತು ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. "ಕೆಮ್ಮಿನ ಔಷಧಿಗೆ ಇಷ್ಟೊಂದು ಹೊಡೆದಾಟನಾ? ನಿಂಗೆ ಸಂಬಳ ಏನೂ ಸಾಲದು ಬಿಡು."

ಸಿನಿಮಾದಲ್ಲಿ ಆ ಹಾಳೆ ಓದಿದವನಿಗೆ ಸಾವಿಲ್ಲ. ಗ್ರಂಥಾಲಯದ ಮುದುಕನೊಬ್ಬ ಅದನ್ನು ಕೋಟಿನ ಒಳಪದರಕ್ಕೆ ಹೊಲಿದುಕೊಂಡು ಓಡಾಡುತ್ತಾನೆ. ಕೊನೆಗೆ ಪರದೆಯ ಮೇಲೆ ನಮ್ಮ ಹಸ್ತಪ್ರತಿಯ ಫೋಟೋ — "ಹಾಳೆ ಇಂದಿಗೂ ಸಿಕ್ಕಿಲ್ಲ."

ಓದುವ ಕೋಣೆ ನೋಡಿಕೊಳ್ಳುವ ಮೌನಿಗೆ ಖುಷಿಯೋ ಖುಷಿ. ದಿನವಿಡೀ ಬೇರೆಯವರ ಬಾಯಿ ಮುಚ್ಚಿಸಿ ತಾವು ಮಾತ್ರ ವಟಗುಟ್ಟುತ್ತಾರೆಂದೇ ನಾವಿಟ್ಟ ಹೆಸರದು. ಅವರ ಕೋಟಿಗೂ ನನ್ನ ನೌಕರಿಯಷ್ಟೇ ವಯಸ್ಸು. "ನನ್ನನ್ನ ನೋಡಿಯೇ ಬರೆದಿದಾನೆ ಕಣಮ್ಮ! ರಾಯಲ್ಟಿ ಕೇಳ್ಲಾ?"

ಡಿಸೆಂಬರ್ 4

ಸಿನಿಮಾ ನೋಡಿ ಬಂದವರದು ಬಾಗಿಲಾಚೆಗೂ ಸಾಲು. ಮುಖ್ಯಸ್ಥರು ಹಿಗ್ಗಿ ಹೀರೇಕಾಯಿ. ಬೂದು ಸ್ವೆಟರಿನವನೊಬ್ಬ ಮೂರನೇ ಸಲ ಬಂದ. ತೆಳ್ಳಗಿದ್ದಾನೆ, ಚರ್ಮ ಹಳದಿಗಟ್ಟಿದೆ. ಕಾಯಿಲೆಯಿರಬೇಕು. "ನೂರಾ ಹನ್ನೆರಡು ಕೊಡಿ. ನಂಗೆ ಟೈಮಿಲ್ಲ" ಅಂದ.

ಮೌನಿ ಕೋಟು ತಟ್ಟಿಕೊಂಡರು. "ಇಲ್ಲಿದೆ. ಕೊಡಲ್ಲ, ಹೋಗಪ್ಪ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನಗಲಿಲ್ಲ. ಅವನ ಹಿಂದೆಯೇ ಬಾಗಿಲ ತನಕ ಹೋದೆ... ಅಂಥ ಹಾಳೆಯೇ ಇಲ್ಲಪ್ಪ, ನಾನೇ ಹಾಳು ಮಾಡಿದೆ — ಇಷ್ಟೇ ಹೇಳಬೇಕಿತ್ತು. "ಹುಷಾರಾಗಿ ಹೋಗಿ" ಅಂದೆ.

ಡಿಸೆಂಬರ್ 9, ಮಧ್ಯಾಹ್ನ 3

ಮೌನಿಯವರನ್ನು ಆಸ್ಪತ್ರೆಗೆ ಒಯ್ದರು.  ಬರೆಯಲಾಗದು.

ಡಿಸೆಂಬರ್ 10

ಮೌನಿ ಊಟಕ್ಕೆ ಇಳಿಯುವಾಗ ಆ ಬೂದು ಸ್ವೆಟರಿನವನು ಮೆಟ್ಟಿಲ ಮೇಲೆ ಅಡ್ಡಗಟ್ಟಿದನಂತೆ. ಕೈಯಲ್ಲಿ ಬ್ಲೇಡು. ಕೋಟಿಗೆ ಕೈ ಹಾಕಿ ಎಳೆದ. ಇವರು ಹಿಮ್ಮುಖವಾಗಿ ಬಿದ್ದರು, ಹದಿನಾಲ್ಕು ಮೆಟ್ಟಿಲು. ಸೆಕ್ಯುರಿಟಿಯವರು ಬಂದಾಗ ಅವನು ಓಡಲೂ ಇಲ್ಲ. ಪಕ್ಕದಲ್ಲೇ ಕೂತು ಕೋಟಿನ ಒಳಪದರ ಬಿಚ್ಚುತ್ತಿದ್ದ. ನಿಧಾನವಾಗಿ, ಹೊಲಿಗೆ ಹೊಲಿಗೆಯಾಗಿ. ಪ್ರಜ್ಞೆ ಬಂದಿಲ್ಲ ಇವರಿಗೆ.

ಡಿಸೆಂಬರ್ 13

ಹೋದರು. ಬೆಳಿಗ್ಗೆ ಆರೂ ಕಾಲಿಗೆ.

ಡಿಸೆಂಬರ್ 19

ಪೊಲೀಸರಿಗೆ ಈಗ ಹಾಳೆಯದೇ ತಲೆಬಿಸಿ. ಅದು ಕಾಣೆಯಾದ ವರ್ಷ ಬೀಗದ ಕೈ ಯಾರ ಹತ್ತಿರವಿತ್ತು? ಹಳೆಯ ರಿಜಿಸ್ಟರ್ ತೆಗೆದರು. ಪುಟ ಪುಟಕ್ಕೂ ಮೌನಿಯ ರುಜು. ನಿನ್ನೆ ಅವರ ಮನೆ ಜಾಲಾಡಿದರಂತೆ. ಹಾಸಿಗೆ ಸೀಳಿದರಂತೆ. ಪತ್ರಿಕೆಯಲ್ಲಿ "ಕಳ್ಳನೇ ಬಲಿಯಾದನೇ?" ಅಂತ ಬಂದಿದೆ.

ಮುಖ್ಯಸ್ಥರ ಕೋಣೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ನೀರು, ಶಾಯಿ, ಕಸದ ಬುಟ್ಟಿ. ಅವರು ಎದ್ದು ಬಾಗಿಲು ಹಾಕಿದರು.

"ನಿಮಗೆ ರಿಟೈರ್ಮೆಂಟ್ ಯಾವಾಗ?"

"ಮೇ ತಿಂಗಳು."

"ಹಾಗಿದ್ರೆ ಈಗ ಯಾಕೆ? ಸಂಸ್ಥೆ ಹೆಸರು ಹಾಳಾಗುತ್ತೆ. ಅವರು ಹೋದ್ರು. ಹೋದವರಿಗೆ ಏನು ನೋವು?"

"ಮಗಳಿದಾಳೆ ಸಾರ್."

"ನಾನೇನೂ ಕೇಳಿಸಿಕೊಂಡಿಲ್ಲ" ಅಂದರು. ಫೈಲು ತೆರೆದರು.

ಹೊರಗೆ ಬಂದೆ. ನಿಜ ಬರೆಯುತ್ತೇನೆ, ನೋಡುವವರು ಯಾರೂ ಇಲ್ಲ. ಒಂದು ಕ್ಷಣ ಹಗುರಾಯಿತು. ಹೇಳಿಯಾಯಿತಲ್ಲ, ಅಂತ. ಥೂ.

ಡಿಸೆಂಬರ್ 20, ಸಂಜೆ 6

ಮೌನಿಯವರ ಮನೆಗೆ, ಅವರ ಮಗಳನ್ನು ಕಾಣಲು ಹೋಗಿ ಬಂದೆ. ನೆಲದ ಮೇಲೆ ಹತ್ತಿ. ಸೀಳಿದ ಹಾಸಿಗೆಯನ್ನು ಅವಳೇ ಹೊಲಿಯುತ್ತಿದ್ದಳು. "ಬನ್ನಿ ಅತ್ತೆ" ಅಂದಳು. ಚಿಕ್ಕವಳಿದ್ದಾಗಿನಿಂದ ಹಾಗೇ ಕರೆಯುತ್ತಾಳೆ.

ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಹೇಳುತ್ತಿರಲಿಲ್ಲ.

ಸೂಜಿ ನಿಂತಿತು.  ಬೈಯಲಿ, ಆಚೆ ತಳ್ಳಲಿ ಅಂತ ಕಾದೆ.

"ಏನು ಬರೆದಿತ್ತು ಅದರಲ್ಲಿ?"

"ಗೊತ್ತಿಲ್ಲ."

"ನೀವು ಓದಿರ್ತೀರಲ್ಲ. ತೊಳೆಯೋಕೆ ಮುಂಚೆ."

"ಓದಲಿಲ್ಲ ಕಣೇ. ಬರೀ ಕಲೆ ನೋಡಿದೆ."

ಅವಳ ಬಾಯಿಂದ ಒಂದು ಸದ್ದು ಬಂತು. ನಗು ಅಂದುಕೊಂಡೆ. ಅಲ್ಲ. ನಾನು ಭುಜ ಮುಟ್ಟಲು ಹೋದೆ, ಸರಿದುಕೊಂಡಳು. ಆಮೇಲೆ ದಾರ ಕಡಿದು ಎದ್ದಳು.

"ಸ್ಟೇಷನ್ನಿಗೆ ನಡೀರಿ. ಈಗಲೇ."

"ಮನೆಗೊಂದು ಮಾತು ಹೇಳಿ ಬರ್ತೀನಿ. ಅರ್ಧ ಗಂಟೆ."

"ಅರ್ಧ ಗಂಟೆ. ನಾನೇ ನಿಮ್ಮ ಮನೆ ಹತ್ರ ಬರ್ತೀನಿ."

ಅಕ್ಕ ಎದುರಿಗೆ ಕೂತಿದ್ದಾಳೆ. ಹೇಳಿದ್ದಾಯಿತು. ಅವಳಿಗೆ ಅರ್ಥವಾಗಿಲ್ಲ. "ಒಂದು ಹಾಳೆ ತಾನೇ?" ಅನ್ನುತ್ತಿದ್ದಾಳೆ. ಅಲ್ಲ ಅಕ್ಕ, ಹಾಳೆಯಲ್ಲ, ನಾನು

ಬಾಗಿಲು ತಟ್ಟಿದ ಸದ್ದು. ಮೌನಿಯ ಮಗಳು ಬಂದಳು.