ಎರಡನೇ ಡಿಕಾಕ್ಷನ್

೭ ಏಪ್ರಿಲ್ ೧೯೭೪, ಭಾನುವಾರ, ಬೆಳಿಗ್ಗೆ

ಇಂದೂ ಎರಡನೇ ಡಿಕಾಕ್ಷನ್ನೇ. ತ್ಯಾಮಗೊಂಡ್ಲು ಮಹಾಸಂಸ್ಥಾನದ ರಾಜಾಜ್ಞೆ — ಮೊದಲ ಡಿಕಾಕ್ಷನ್ ನೆಂಟರಿಗೆ. ಅದೇ ಪುಡಿಯ ಮೇಲೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ್ದು ಮನೆಯವರಿಗೆ. ಆಜ್ಞೆ ಹೊರಡಿಸಿದವರು ರಾಜಮಾತೆ ದ್ಯಾವಮ್ಮನವರು, ಅರ್ಥಾತ್ ಅಜ್ಜಿ. ನಿನ್ನೆ ಬಂದ ಎಮ್ಮೆ ದಲ್ಲಾಳಿಗೂ ಮೊದಲನೆಯದು! ಬಿ.ಎಸ್ಸಿ. ಓದುವ ನನಗೆ ಚರಟದ ನೀರು.

ಮುಂದಿನ ಭಾನುವಾರ ಮುತ್ತಕ್ಕನನ್ನು ನೋಡಲು ಗಂಡಿನವರು ಬರುತ್ತಾರೆ. ನಮ್ಮ ಸೀಮೆಯದೇ ವಿಜಯಪುರದ ಕಡೆಯವರು. ಹುಡುಗ ಆಂಜಿನಪ್ಪ, ಕೆಲಸ ಮದರಾಸಿನಾಚೆ, ಕಲ್ಪಾಕಂನಲ್ಲಿ — ಅಣುಶಕ್ತಿ! ಅಕ್ಕ ಹಿಂದೆ ಬಂದವರನ್ನೆಲ್ಲ ಒಲ್ಲೆ ಎಂದಳು. ಈ ಹೆಸರಿಗೆ ಮಾತ್ರ ಸುಮ್ಮನಿದ್ದಳು. ಸುಮ್ಮನಿದ್ದರೆ ಏನರ್ಥ? ಗೊತ್ತಿಲ್ಲ.

೧೪ ಏಪ್ರಿಲ್, ಸಂಜೆ

ತಲೆ ಕೆಟ್ಟಿದೆ. ಕ್ರಮವಾಗಿ ಬರೆಯುತ್ತೇನೆ.

ಆಂಜಿನಪ್ಪನವರ ಜೊತೆ ಸೋದರಮಾವ ಬೈಲಪ್ಪ ಬಂದಿದ್ದರು. ಅಪ್ಪ ಕೇಳಿದರು, “ಅಲ್ಲಿ ಏನ್ ಕೆಲ್ಸ ಸ್ವಾಮಿ?”

“ಹೊಸಾ ಥರದ ರಿಯಾಕ್ಟರ್ ಕಟ್ತಿದೀವಿ. ಒಲೆ ಅಂದ್ಕೊಳಿ. ಬೇರೆ ಒಲೇಲಿ ಉರಿದು ಈಚೆ ಬಂದಿದ್ರಲ್ಲಿ ಇನ್ನೂ ಕಸುವಿರುತ್ತೆ. ಅದನ್ನ ಬೇರ್ಪಡಿಸಿ ಇದ್ರಲ್ಲಿ ಉರಿಸೋದು. ಸುತ್ತ ಉರೀದೆ ಇರೋ ಯುರೇನಿಯಂ ಇಟ್ರೆ ಅದೂ ಸೌದೆ ಆಗುತ್ತೆ. ಸುಟ್ಟಿದ್ದಕ್ಕಿಂತ ಜಾಸ್ತೀನೇ ಸಿಗ್ಬೋದು.”

ಅಜ್ಜಿ, “ಸುಟ್ಟಿದ್ಕಿಂತ ಜಾಸ್ತೀನಾ? ಹೆಣ್ಣು ನೋಡಕ್ ಬಂದು ಸುಳ್ ಹೇಳ್ಬಾರ್ದು ಕಣಪ್ಪ.”

ನೀರಲ್ಲಿ ತಣಿಸುತ್ತೀರಾ ಎಂದು ನಾನು ಕೇಳಿದೆ. “ನೀರು ನ್ಯೂಟ್ರಾನಿನ ಓಟ ತಗ್ಗಿಸ್ಬಿಡುತ್ತೆ. ಇಲ್ಲಿ ಅದು ಜೋರಾಗೇ ಓಡ್ಬೇಕು. ಅದಕ್ಕೆ ಕರಗಿಸಿದ ಸೋಡಿಯಂ.”

ಸೋಡಿಯಂ! ಕಾಲೇಜಿನ ಲ್ಯಾಬ್ ಸಿಂಕಿಗೆ ಕಡಲೆಕಾಳಿನಷ್ಟು ಎಸೆದು, ಅದು ಢಂ ಎಂದು, ವಾರಗಟ್ಟಲೆ ಕ್ಲಾಸಿನ ಹೊರಗೆ ನಿಂತವನು ನಾನು. ಇವರು ಟನ್ನುಗಟ್ಟಲೆ ಹರಿಸುತ್ತಾರಂತೆ. ನಿಜವೋ ತಮಾಷೆಯೋ — ಮುಖ ನೋಡಿ ತಿಳಿಯಲಿಲ್ಲ.

ಬಾಗಿಲ ಮರೆಯಿಂದ ಅಕ್ಕ ಕೇಳಿದಳು, “ಎಲ್ಲಾ ಬೇರ್ಪಡಿಸಿದ್ಮೇಲೂ ಚರಟ ಉಳಿಯುತ್ತಲ್ಲ, ಅದನ್ನೆಲ್ಲಿ ಹಾಕ್ತೀರಿ?”

ಅವರು ತಿರುಗಿ ಕೂತರು. “ಇದನ್ನ ಕೇಳಿದೋರು ನೀವೊಬ್ರೇ. ಗಾಜಲ್ಲಿ ಬೆರೆಸಿಟ್ಟು ಕಾಯ್ಬೇಕಾಗುತ್ತೆ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಕಾಯ್ಬೇಕು.”

ಯಾರ ಮೊಮ್ಮಕ್ಕಳು ಎಂದು ಯಾರೂ ಕೇಳಲಿಲ್ಲ.

ಆಗಲೇ ನನ್ನ ತಲೆಗೆ ಶನಿ ಏರಿದ್ದು. ಅಡುಗೆಮನೆಗೆ ಹೋದೆ. ಬೆಳಗಿನ ಪುಡಿಯ ಮೇಲೇ ಬಿಸಿನೀರು ಹೊಯ್ದೆ. ಬೆಳ್ಳಿ ಲೋಟಗಳಲ್ಲಿ ತಂದು, ತಲೆಬಾಗಿ ಅರ್ಪಿಸಿದೆ. “ಮಾನ್ಯರೇ, ಇದು ಮನೆಯವರು ಕುಡಿಯುವ ಎರಡನೇ ಡಿಕಾಕ್ಷನ್. ತಮ್ಮ ಶಾಸ್ತ್ರದ ಪ್ರಕಾರ ಮರುಬಳಕೆ.”

ಆಂಜಿನಪ್ಪನವರು ಕೊನೆಯ ಹನಿಯವರೆಗೂ ಕುಡಿದರು. ನಗಲಿಲ್ಲ. ಬೈಲಪ್ಪನವರು ಒಂದೇ ಗುಟುಕಿಗೆ ಎದ್ದರು. “ಬೇಡ ಅನ್ನೋದ್ನ ಹಿಂಗೂ ಹೇಳ್ಬೋದು, ಬಿಡಿ. ನಡಿಯೋ ಆಂಜಿ.”

ನಮ್ಮವರಲ್ಲಿ ಸಂಬಂಧ ಒಲ್ಲೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಾಫಿ ತೆಳ್ಳಗಾಗುತ್ತದೆ. ಗೊತ್ತಿದ್ದ ಸಂಗತಿಯೇ. ಆ ಕ್ಷಣಕ್ಕೆ ಹೊಳೆಯಲಿಲ್ಲ...

೧೫ ಏಪ್ರಿಲ್

ನನ್ನನ್ನು ಕಂಡರೆ ಅಪ್ಪ ಎದ್ದು ಹೋಗುತ್ತಾರೆ. ಅಕ್ಕನ ಮುಂದೆ ಕೈಮುಗಿದು ನಿಂತೆ — ನಾಟಕವಲ್ಲ, ನಿಜವಾಗಿ. “ಕೋಪ ಇಲ್ಲ, ಹೋಗೋ” ಎಂದಳು. ಇದಕ್ಕಿಂತ ನಾಲ್ಕು ಬಾರಿಸಿದ್ದರೆ ಅರ್ಥವಾಗುತ್ತಿತ್ತು. ಕರಿಬೇವಿನ ಬುಡಕ್ಕೆ ಕಾಫಿ ಚರಟ ಸುರಿದು, ಅದನ್ನೇ ನೋಡುತ್ತ ನಿಂತಿದ್ದಳು.

೧೯ ಮೇ

ರೇಡಿಯೋದಲ್ಲೆಲ್ಲ ರಾಜಸ್ಥಾನದ ಅಣುಸ್ಫೋಟವೇ. ಅಂಗಡಿ ಕಟ್ಟೆಯಲ್ಲಿ ಜವರಪ್ಪ, “ಏನ್ಲಾ, ನಿಮ್ ಭಾವ ಹಾರಿಸಿದ್ದಂತೆ?” ಅವರದು ಒಲೆ, ಬಾಂಬಲ್ಲ ಎಂದು ಗಂಟಲು ಹರಿಯುವಂತೆ ವಾದಿಸಿದೆ. ಭಾವನೇ ಆಗದವರಿಗಾಗಿ ನಾನ್ಯಾಕೆ ವಾದಿಸಿದೆ?

ಮನೆಗೆ ಬಂದರೆ ಅಕ್ಕ, “ಒಲೇನೇ ಅಂತ ಖಂಡಿತ ಗೊತ್ತೇನೋ?”

ಗೊತ್ತಿಲ್ಲ ಎಂದೆ. ಅವಳಿಗೆ ನೆಟ್ಟಗೆ ಉತ್ತರ ಕೊಟ್ಟದ್ದು ಬಹುಶಃ ಇದೇ ಮೊದಲು.

೯ ಜೂನ್, ಮಧ್ಯಾಹ್ನ

ಆಂಜಿನಪ್ಪನವರು ಬಂದಿದ್ದಾರೆ! ಒಬ್ಬರೇ. ನೆಲಮಂಗಲದ ಬಸ್ಸಿಳಿದು ನೆಟ್ಟಗೆ ಇಲ್ಲಿಗೇ. ಅಪ್ಪ ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ —

“ಕಾಫಿ ಕುಡಿಯೋಣ ಅಂತ ಬಂದೆ. ನಿಮ್ಮ ಮಗಳಿಗೆ ಒಪ್ಪಿಗೆ ಇದ್ರೆ ಮನೆಯೋರು ಕುಡಿಯೋದನ್ನೇ ಕೊಡ್ಲಿ. ಇಲ್ದಿದ್ರೆ ಮೊದಲ್ನೇದು ಕೊಡ್ಲಿ, ಕುಡಿದು ನೆಂಟನ ಹಾಗೆ ಎದ್ದು ಹೋಗ್ತೀನಿ.”

“ಅಯ್ಯೋ, ತೆಳ್ಳಗಿದ್ರೆ ಹೂಂ ಅಂತಾನಾ, ಊಹೂಂ ಅಂತಾನಾ?” ಅಜ್ಜಿ ಕಂಗಾಲು.

ಮಹಾಸಂಸ್ಥಾನದ ಶಾಸನವೇ ತಲೆಕೆಳಗಾಗಿದೆ. ಅಕ್ಕ ಅಡುಗೆಮನೆಗೆ ಹೋಗಿದ್ದಾಳೆ. ಜಗಲಿಯಲ್ಲಿ ಕೂತು ಗೀಚುತ್ತಿದ್ದೇನೆ. ಒಳಗೆ ನೀರು ಕುದಿಯುತ್ತಿದೆ... ಪುಡಿ ಡಬ್ಬಿಯ ಮುಚ್ಚಳ ತೆರೆದ ಸದ್ದು. ಹೊಸ ಪುಡಿ! ಮುಗಿಯಿತು —

ಅದೇ ಮಧ್ಯಾಹ್ನ

ಅವರ ಮುಂದೆ ಒಂದು ಲೋಟ ಇಟ್ಟಳು. ತನ್ನ ಕೈಯಲ್ಲೊಂದು ಹಿಡಿದಳು. ಎರಡೂ ತೆಳ್ಳಗೆ. ಎರಡೂ ಒಂದೇ ಬಣ್ಣ. ಅವರು ಕುಡಿದರು; ಅಪ್ಪನ ಎದುರೇ ಅವಳೂ ಕುಡಿದಳು. ಆ ಮನುಷ್ಯ ಆಗ ನಕ್ಕರು.

ಆಮೇಲೆ ನನ್ನ ಕೈಗೆ ಬೆಳ್ಳಿ ಲೋಟ. ಗಟ್ಟಿ, ಘಮಘಮ, ಮೇಲೆ ನೊರೆ. ಮೊದಲ ಡಿಕಾಕ್ಷನ್!

“ನಂಗ್ಯಾಕೆ ಇದು?”

“ಅಭ್ಯಾಸ ಮಾಡ್ಕೊ. ಕಲ್ಪಾಕಂಗೆ ಬಂದಾಗ್ಲೂ ನಿಂಗೆ ಇದೇ.”

ಇಷ್ಟು ವರ್ಷ ಇದಕ್ಕಾಗಿ ಜಗಳವಾಡಿದವನು. ಈಗ ಕೈಯಲ್ಲಿದೆ, ಆರುತ್ತಿದೆ, ಕುಡಿಯಲಾಗುತ್ತಿಲ್ಲ. ಅಂದರೆ ಅವಳ ಮನೆಯಲ್ಲಿ ಇನ್ನು ನಾನು —